‘ಚಾರ್ಜ್’ಗೆ ಐದು ಅರ್ಥ, ಐದೂ ನಿಮಗೆ ಆಗಲೇ ಗೊತ್ತು

ವಿಜಯಪುರದಲ್ಲಿ ಸಂಜೆ ಹೊತ್ತು ಹತ್ತನೇ ತರಗತಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರ ನೋಟ್‌ಬುಕ್ ತೆರೆದರೆ ಒಂದು ಇಂಗ್ಲಿಷ್ ಶಬ್ದ, ಪಕ್ಕದಲ್ಲಿ ಸಾಲಾಗಿ ಐದು ಕನ್ನಡ ಅರ್ಥ. ಮುಂಜಾನೆ ಬಾಯಿಪಾಠ ಮಾಡಿದ್ದು ಸಂಜೆಗೆ ಇರುವುದಿಲ್ಲ. ನಾನೂ ಹಾಗೇ ಕಲಿತವಳು. ಒಂದು ಪರೀಕ್ಷೆಯ ಪ್ಯಾಸೇಜಿನಲ್ಲಿ ‘ಹಿ ವಾಸ್ ಫೈನ್ಡ್’ ಎಂದಿತ್ತು. ಫೈನ್ ಅಂದರೆ ಆರಾಮ ಅಂತ ಮಾತ್ರ ತಲೆಯಲ್ಲಿ ಕೂತಿದ್ದರಿಂದ, ದಂಡ ತೆತ್ತ ಮನುಷ್ಯ ಆರಾಮಾಗಿದ್ದಾನೆ ಎಂದುಕೊಂಡು ಪ್ರಶ್ನೆಗಳಿಗೆಲ್ಲ ತಪ್ಪು ಉತ್ತರ ಬರೆದು ಬಂದೆ. ಆಮೇಲೆ ಕಲಿಯುವ ದಾರಿಯನ್ನೇ ಬದಲಿಸಿದೆ.

ಮೊದಲು ಹೆದರಿಕೆ ಬಿಡಿ. ಒಂದೇ ಶಬ್ದವನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುವುದನ್ನು ಕನ್ನಡದಲ್ಲಿ ದಿನಾ ಮಾಡುತ್ತೇವೆ. ‘ಹತ್ತು ರೂಪಾಯಿ ಹಿಡಿದು ಬಸ್ ಹತ್ತಿದೆ, ಕೂತ ಕೂಡಲೇ ನಿದ್ದೆ ಹತ್ತಿತು, ಅಷ್ಟರಲ್ಲಿ ಪಕ್ಕದ ಕೂಸು ಅಳಲಿಕ್ಕೆ ಹತ್ತಿತು.’ ನಾಲ್ಕು ಸಲ ಹತ್ತು, ನಾಲ್ಕೂ ಬೇರೆ. ಯಾರೂ ಪಟ್ಟಿ ಕೊಟ್ಟು ಕಲಿಸಲಿಲ್ಲ, ಮಾತಿನಲ್ಲಿ ಕೇಳಿ ಕೇಳಿ ಬಂತು, ಅಲ್ವಾ?

ಇಂಗ್ಲಿಷಿನದ್ದೂ ಅರ್ಧ ಹಾಗೇ ಬಂದಿದೆ. ಬಸ್ ಚಾರ್ಜ್ ಜಾಸ್ತಿ ಆಯಿತು. ಮೊಬೈಲಿನಲ್ಲಿ ಚಾರ್ಜ್ ಇಲ್ಲ. ಪೊಲೀಸರು ಚಾರ್ಜ್‌ಶೀಟ್ ಹಾಕಿದರು. ಈಗ ಇನ್‌ಚಾರ್ಜ್ ಹೆಡ್‌ಮಾಸ್ತರ್ ಇದ್ದಾರೆ. ಲಾಠಿ ಚಾರ್ಜ್ ಆಯಿತು. ಈ ಶಬ್ದದ ಬೇರು ಲ್ಯಾಟಿನ್ನಿನಲ್ಲಿದೆ, ಅಲ್ಲಿ ಅದಕ್ಕೆ ಬಂಡಿಗೆ ಹೊರೆ ಹೇರುವುದು ಎಂಬ ಅರ್ಥ. ಮುಧೋಳ, ಜಮಖಂಡಿ ಕಡೆ ಟ್ರ್ಯಾಕ್ಟರಿಗೆ ಕಬ್ಬು ಹೇರುವುದನ್ನು ಕಣ್ಣ ಮುಂದೆ ತಂದುಕೊಳ್ಳಿ. ಬ್ಯಾಟರಿಗೆ ಕರೆಂಟ್ ಹೇರಿದರೆ ಚಾರ್ಜ್, ಗಿರಾಕಿ ಮೇಲೆ ದರ ಹೇರಿದರೆ ಚಾರ್ಜ್, ಒಬ್ಬರ ಮೇಲೆ ಆರೋಪ ಹೊರಿಸಿದರೂ ಹೊಣೆ ಹೊರಿಸಿದರೂ ಚಾರ್ಜ್. ನೋಡಿ, ಕನ್ನಡವೂ ಆರೋಪವನ್ನು ‘ಹೊರಿಸು’ ಅಂತಲೇ ಹೇಳುತ್ತದೆ! ಮೈಮೇಲೆ ನುಗ್ಗುವ ಅರ್ಥ ಮಾತ್ರ ಈ ಸಾಲಿನಲ್ಲಿ ಸುಲಭವಾಗಿ ಕೂರುವುದಿಲ್ಲ, ಅದನ್ನು ಲಾಠಿಯ ಜೊತೆಗೇ ನೆನಪಿಡಿ.

ಹೀಗೆ ಒಳಗಿನ ಎಳೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ‘ಡ್ರಾ’ ತೆಗೆದುಕೊಳ್ಳಿ. ‘ಟು ಬುಲಕ್ಸ್ ಡ್ರೂ ದ ಕಾರ್ಟ್’, ಎತ್ತು ಬಂಡಿ ಎಳೆದವು. ‘ಡ್ರಾ ಅ ಲೈನ್’, ಗೆರೆ ಎಳೆ. ‘ಶಿ ಡ್ರೂ ವಾಟರ್ ಫ್ರಮ್ ದ ವೆಲ್’, ಬಾವಿಯಿಂದ ನೀರು ಸೇದಿದಳು. ‘ದ ಸಿದ್ಧೇಶ್ವರ ಫೇರ್ ಡ್ರಾಸ್ ಬಿಗ್ ಕ್ರೌಡ್ಸ್’, ಸಂಕ್ರಾಂತಿಯ ಜಾತ್ರೆ ಜನರನ್ನು ಸೆಳೆಯುತ್ತದೆ. ಎಳೆ, ಸೇದು, ಸೆಳೆ: ಮೂರರಲ್ಲೂ ಏನೋ ಒಂದು ನಮ್ಮ ಕಡೆಗೆ ಬರುತ್ತಿದೆ.

ಆದರೆ ಎಲ್ಲ ಶಬ್ದಕ್ಕೂ ಇಂಥ ಒಳಗಿನ ಎಳೆ ಸಿಗುವುದಿಲ್ಲ. ಹಣದ ಬ್ಯಾಂಕ್ ಬಂದದ್ದು ಇಟಲಿಯ ಹಣ ಬದಲಾಯಿಸುವವರ ಬೆಂಚಿನಿಂದ, ನದಿ ದಂಡೆಯ ಬ್ಯಾಂಕ್ ಇಂಗ್ಲಿಷಿಗೆ ಬಂದ ದಾರಿ ಬೇರೆ. ಜಾತ್ರೆಯ ಫೇರ್, ನ್ಯಾಯದ ಫೇರ್ ಕೂಡ ಹಾಗೇ ಬೇರೆ ಬೇರೆ. ಇಂಥ ಕಡೆ ಸುಮ್ನೆ ನಂಟು ಹುಡುಕಬೇಡಿ, ಎರಡು ಶಬ್ದ ಎಂದೇ ಕಲಿಯಿರಿ.

ಈಗ ವಾಕ್ಯ ಬರೆಯುವುದು. ಜಾಸ್ತಿ ಜನ ಎಡವುವುದು ಇಲ್ಲೇ. ‘ಐ ಸಾ ಅ ಬ್ಯಾಟ್’ ಎಂದು ಬರೆದರೆ ಅದು ಕ್ರಿಕೆಟ್ಟಿನದೋ ಬಾವಲಿಯೋ? ಆ ವಾಕ್ಯ ಏನೂ ಕಲಿಸುವುದಿಲ್ಲ. ‘ದ ಬ್ಯಾಟ್ ಹಂಗ್ ಅಪ್‌ಸೈಡ್ ಡೌನ್ ಇನ್ ದ ಬ್ಯಾನಿಯನ್ ಟ್ರೀ’ ಎಂದು ಬರೆಯಿರಿ. ಆಲದ ಮರದಲ್ಲಿ ತಲೆಕೆಳಗಾಗಿ ಜೋತಾಡುವುದು ಬಾವಲಿ ಮಾತ್ರ. ‘ವಿ ವಾಷ್ಡ್ ಅವರ್ ಫೀಟ್ ಆನ್ ದ ಬ್ಯಾಂಕ್ ಆಫ್ ದ ಕೃಷ್ಣಾ’ ಎಂದರೆ ಪಾಸ್‌ಬುಕ್ ನೆನಪಾಗುವುದಿಲ್ಲ. ವಾಕ್ಯದೊಳಗೇ ಸುಳಿವು ಇರಬೇಕು, ಮತ್ತು ಅದು ನೀವು ಕಂಡ ಊರು, ಕೆರೆ, ಹೊಲದ ವಾಕ್ಯ ಆಗಿರಬೇಕು, ಯಾಕೆಂದರೆ ಲಂಡನ್ನಿನ ಮಂಜಿನ ಉದಾಹರಣೆ ನಮ್ಮ ಬಿಸಿಲಿನ ಮಕ್ಕಳ ತಲೆಯಲ್ಲಿ ನಿಲ್ಲುವುದನ್ನು ನಾನು ಇನ್ನೂ ನೋಡಿಲ್ಲ. ಬರೆದ ಮೇಲೆ ಲರ್ನರ್ಸ್ ಡಿಕ್ಷನರಿಯ ವಾಕ್ಯದ ಜೊತೆ ಹೋಲಿಸಿ ನೋಡಿ, ಅದರಲ್ಲಿ ಅರ್ಥದ ಜೊತೆ ಉದಾಹರಣೆಯೂ ಇರುತ್ತದೆ.

‘ರನ್’ ಬಂದಾಗ ಎದೆಗೆಡಬೇಡಿ. ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಈ ಕ್ರಿಯಾಪದವೊಂದಕ್ಕೇ 600ಕ್ಕೂ ಹೆಚ್ಚು ಅರ್ಥ ಕೊಡುತ್ತದೆ. ನಿಮಗೆ ಬೇಕಾದದ್ದು ನಾಲ್ಕು: ಓಡು, ಅಂಗಡಿ ನಡೆಸು, ನಲ್ಲಿ ಹರಿ, ಬಸ್ ಸಂಚರಿಸು. ಅಕ್ಕಪಕ್ಕದ ಶಬ್ದ ನೋಡಿದರೆ ಯಾವುದು ಅಂತ ತಿಳಿಯುತ್ತದೆ. ಮುಂದೆ ಶಾಪ್ ಇದ್ದರೆ ನಡೆಸು, ಹಿಂದೆ ಟ್ಯಾಪ್ ಇದ್ದರೆ ಹರಿ.

ಕೊನೆಗೆ ಪರೀಕ್ಷೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅವೇ ವಾಕ್ಯಗಳನ್ನು ಕಲಸಿ ಬರೆಯಿರಿ, ಶಬ್ದದ ಜಾಗ ಖಾಲಿ ಬಿಡಿ. ಎರಡು ದಿನ ಬಿಟ್ಟು ತುಂಬಿ, ವಾರ ಬಿಟ್ಟು ಮತ್ತೆ ತುಂಬಿ, ಪ್ರತಿ ಸಲ ಕನ್ನಡದಲ್ಲಿ ಅರ್ಥ ಜೋರಾಗಿ ಹೇಳಿ. ಎಡವಿದ ವಾಕ್ಯವನ್ನು ಅಳಿಸಿ, ಸುಳಿವು ಗಟ್ಟಿಯಾಗಿರುವ ಹೊಸ ವಾಕ್ಯ ಬರೆಯಿರಿ. ಮೊದಲ ವಾರಕ್ಕೆ ಚಾರ್ಜ್, ಡ್ರಾ, ಫೈನ್ ಮೂರೇ ಸಾಕು.