ಕೆತ್ತನೆಯ ಸಂದಿಗೆ ಕಪ್ಪು ಬೇಕೇ ಬೇಕು

ಹಳೇ ಬೆಳ್ಳಿ ಲೇಪದ ಚಮಚ, ಫೋರ್ಕುಗಳ ಒಂದು ಸೆಟ್ ನನ್ನ ಹತ್ತಿರ ಇದೆ. ಹಿಡಿಕೆಯ ತುದಿಯಲ್ಲಿ ಹೂಬಳ್ಳಿಯ ಕೆತ್ತನೆ. ಕೈಗೆ ಸಿಕ್ಕಾಗ ಫಳಫಳ ಅನ್ನುತ್ತಿದ್ದವು, ಆದರೆ ಬಳ್ಳಿ ಎಲ್ಲಿ, ಎಲೆ ಎಲ್ಲಿ ಅಂತ ಹುಡುಕಬೇಕಿತ್ತು. ಕೆತ್ತನೆಯನ್ನು ಎದ್ದು ಕಾಣಿಸುವ ಸಂದಿಯ ಕಪ್ಪೇ ಹೋಗಿತ್ತು. ಮಾರುವ ಮೊದಲು ಅಲ್ಯೂಮಿನಿಯಂ ಫಾಯಿಲ್ ಹಾಸಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ಅದ್ದಿದ್ದರಂತೆ. ಬೇಕಾದ ಕಪ್ಪು, ಬೇಡದ ಕಪ್ಪು ಅನ್ನುವ ಭೇದ ಆ ನೀರಿಗಿಲ್ಲ. ಸಂದಿಯಲ್ಲಿದ್ದದ್ದನ್ನೂ ತೆಗೆದುಬಿಡುತ್ತದೆ.

ಈ ಕಪ್ಪು ಕೊಳೆಯಲ್ಲ. ಬೆಳ್ಳಿಯೂ ಗಂಧಕವೂ ಸೇರಿ ಆಗುವ ಸಿಲ್ವರ್ ಸಲ್ಫೈಡ್. ಸುಮ್ನೆ ಇಟ್ಟರೂ ವರ್ಷಗಳಲ್ಲಿ ಬರುತ್ತದೆ. ನನಗೆ ಅಷ್ಟು ತಾಳ್ಮೆ ಇಲ್ಲ. ಬೆಳ್ಳಿಯನ್ನು ಬೇಗ ಕಪ್ಪಾಗಿಸುವ, ಗಂಧಕ ಇರುವ ಲಿವರ್ ಆಫ್ ಸಲ್ಫರ್ ಜೆಲ್ ತಂದೆ.

ಗಟ್ಟಿ ಬೆಳ್ಳಿಯಾದರೆ ಇಡೀ ಚಮಚವನ್ನೇ ಅದ್ದಿ ಕಪ್ಪು ಮಾಡಿ, ಆಮೇಲೆ ಉಬ್ಬಿದ ಕಡೆ ಉಜ್ಜುತ್ತಾರೆ. ಲೇಪದ ಸಾಮಾನಿಗೆ ಅದು ಬೇಡ. ಹಿಂಬದಿಯಲ್ಲಿ ಇ.ಪಿ.ಎನ್.ಎಸ್. (EPNS, ಎಲೆಕ್ಟ್ರೋಪ್ಲೇಟೆಡ್ ನಿಕಲ್ ಸಿಲ್ವರ್) ಅಂತ ಮುದ್ರೆ ಇದ್ದರೆ ಒಳಗಿರುವುದು ತಾಮ್ರ, ಸತು, ನಿಕಲ್‌ನ ಮಿಶ್ರಲೋಹ. ಬೆಳ್ಳಿ ಇರುವುದು ಮೇಲಿನ ತೆಳು ಪದರದಲ್ಲಿ ಮಾತ್ರ. ಕಪ್ಪಾದ ಬೆಳ್ಳಿಯನ್ನು ಉಜ್ಜಿದಷ್ಟೂ ಅದು ಬಟ್ಟೆಗೆ ಹೋಗುತ್ತದೆ. ಹಾಗಾಗಿ ಬೇಕಾದ ಜಾಗಕ್ಕಷ್ಟೇ ಸಣ್ಣ ಬ್ರಶ್ಶಿನಲ್ಲಿ ಹಚ್ಚುವುದು ನನ್ನ ಪದ್ಧತಿ. ನಿಧಾನ, ಆದರೆ ಉಜ್ಜುವ ಕೆಲಸ ಕಮ್ಮಿ.

ಮೊದಲು ಸೋಪು ನೀರಲ್ಲಿ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿದೆ. ಬೆರಳಿನ ಜಿಡ್ಡು ಉಳಿದರೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ಕೈಗವಸು ಹಾಕಿ, ಕಿಟಕಿ ತೆಗೆದೆ. ಕೊಳೆತ ಮೊಟ್ಟೆಯ ವಾಸನೆ ಬಂದೇ ಬರುತ್ತದೆ, ಮನೆಯವರಿಗೆ ಮೊದಲೇ ಹೇಳಿಬಿಡಿ. ಈ ಜೆಲ್ ಹತ್ತಿರ ನಿಂಬೆರಸ, ವಿನೆಗರ್ ಯಾವುದೂ ಸುಳಿಯಬಾರದು. ಹುಳಿ ಸೇರಿದರೆ ವಿಷದ ಅನಿಲ ಬರುತ್ತದೆ.

ಹಿಡಿಕೆಯನ್ನು ಬಿಸಿನೀರಲ್ಲಿ ಬೆಚ್ಚಗೆ ಮಾಡಿಕೊಂಡು, ನೀರಲ್ಲಿ ತೆಳು ಮಾಡಿದ ಜೆಲ್ ಅನ್ನು ಬಳ್ಳಿಯ ಸಂದಿಗೆ ಎಳೆದೆ. ಇಲ್ಲಿಂದ ಕಣ್ಣು ತೆಗೆಯುವ ಹಾಗಿಲ್ಲ. ಮೊದಲು ಜೇನಿನ ಹಳದಿ. ಹಿಂದೆಯೇ ಕೆಂಪು ಮಿಶ್ರಿತ ಕಂದು. ಎಲೆಯ ನರಗಳ ಮಧ್ಯೆ ನೇರಳೆ, ನೀಲಿ ಒಂದು ಕ್ಷಣ ಮಿನುಗಿ, ಆಮೇಲೆ ಬೂದು ತಿರುಗುತ್ತದೆ. ಗಾಢ ಬೂದು ಬಂದ ಕೂಡಲೇ ತೊಳೆದು, ಅಡುಗೆ ಸೋಡಾ ನೀರಿಗೆ ಹಾಕಿದೆ, ಬಣ್ಣ ಅಲ್ಲಿಗೆ ನಿಲ್ಲುತ್ತದೆ. ಕಡುಗಪ್ಪು ಬರಲಿ ಅಂತ ಜಾಸ್ತಿ ಗಟ್ಟಿಯಾದ ದ್ರಾವಣ ಹಚ್ಚಿದರೆ ಪದರ ದಪ್ಪವಾಗಿ ಚಕ್ಕೆ ಏಳುತ್ತದೆ. ತೆಳುವಾಗಿ ಎರಡು ಸಲ ಹಚ್ಚುವುದೇ ಮೇಲು.

ಒಣಗಿದ ಮೇಲೆ ಮೆತ್ತನೆ ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಮೇಲ್ಮೈಗಷ್ಟೇ ತಾಗುವ ಹಾಗೆ ಎಳೆಯಬೇಕು. ಸಡಿಲ ಬಟ್ಟೆ ಸಂದಿಗೆ ಇಳಿದು ಮಾಡಿದ್ದನ್ನೆಲ್ಲ ಒರೆಸಿ ತರುತ್ತದೆ. ಬಳ್ಳಿ ಈಗ ಎದ್ದು ಕಾಣುತ್ತದೆ.

ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಡುವ ಉಪಾಯವೂ ಇದೆ. ಕೆಲಸ ಮಾಡುತ್ತದೆ, ಆದರೆ ಮೈಯೆಲ್ಲ ಮಬ್ಬಾಗುತ್ತದೆ. ಮತ್ತೆ ಉಜ್ಜಬೇಕು, ಅಲ್ವಾ? ನನಗೆ ಅದು ಹಿಡಿಸಲಿಲ್ಲ.

ಬಾಯಿಗೆ ಹೋಗುವ ಭಾಗಕ್ಕೆ ಜೆಲ್ ತಾಗಿಸಲೇ ಇಲ್ಲ. ಆದರೂ ಬಳಸುವ ಮೊದಲು ಸೋಪು ಹಾಕಿ ಚೆನ್ನಾಗಿ ತೊಳೆದೆ. ಚಾಕುಗಳನ್ನು ಮಾತ್ರ ಬಿಸಿನೀರಲ್ಲಿ ಮುಳುಗಿಸಲಿಲ್ಲ. ಟೊಳ್ಳು ಹಿಡಿಕೆಯೊಳಗೆ ತುಂಬಿದ ಅಂಟು ಸಡಿಲಾದರೆ ಅಲಗು ಕಳಚಿ ಬರುತ್ತದೆ. ಅವಕ್ಕೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯ ಶಾಖವೇ ಸಾಕಾಯಿತು.