ಜೆಪೆಗ್ ಫೋಟೊ ಕುಗ್ಗಿಸುವ ಕ್ರಮ: ಮೊದಲು ಅಳತೆ, ಆಮೇಲೆ ಬಣ್ಣ, ಕೊನೆಗೆ ಕ್ವಾಲಿಟಿ

ಫೈಲ್ ದೊಡ್ಡದಾಯಿತೆಂದು ನೇರವಾಗಿ ಕ್ವಾಲಿಟಿ ಸ್ಲೈಡರಿಗೆ ಕೈ ಹಾಕಬೇಡಿ. 4000×3000 ಪಿಕ್ಸೆಲ್‌ನ ಫೋಟೊ ಪರದೆಯ ಮೇಲೆ ಕಾಣಬೇಕಾದದ್ದು 1600 ಅಗಲದಲ್ಲಿ ಮಾತ್ರ ಎಂದಾದರೆ ಮೊದಲು 1600×1200ಕ್ಕೆ ಇಳಿಸಿ. 1.2 ಕೋಟಿ ಪಿಕ್ಸೆಲ್ 19.2 ಲಕ್ಷಕ್ಕೆ ಬರುತ್ತದೆ. ದೊಡ್ಡ ಉಳಿತಾಯ ಇಲ್ಲೇ ಆಗಿಹೋಯಿತು.

ಮುಂದಿನದು ಬಣ್ಣ. ಜೆಪೆಗ್ ಚಿತ್ರವನ್ನು ಹೊಳಪಿನ ಒಂದು ಪದರ, ಬಣ್ಣದ ಎರಡು ಪದರ ಎಂದು ಬಿಡಿಸಿಕೊಳ್ಳುತ್ತದೆ. ಸಬ್‌ಸ್ಯಾಂಪ್ಲಿಂಗ್ (ಬಣ್ಣದ ವಿವರ ಕಡಿಮೆ ಮಾಡುವುದು) 4:2:0 ಇಟ್ಟರೆ ಬಣ್ಣದ ಪದರಗಳ ಅಗಲ, ಎತ್ತರ ಎರಡೂ ಅರ್ಧವಾಗುತ್ತವೆ. ಮುಖ, ಮರಗಿಡಗಳಲ್ಲಿ ಇದು ಕಣ್ಣಿಗೆ ಬೀಳುವುದೇ ಅಪರೂಪ. ಕೆಂಪು ಅಕ್ಷರ, ತೆಳುವಾದ ಬಣ್ಣದ ಗೆರೆ ಇದ್ದರೆ ಮಾತ್ರ ಅಂಚು ಕದಡುತ್ತದೆ. ಅಂಥವಕ್ಕೆ ಬಣ್ಣವನ್ನು ಪೂರ್ತಿ ಅಳತೆಯಲ್ಲೇ ಇಡುವ 4:4:4 ಆರಿಸಿ. ಫೋಟೊ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ ಈ ಆಯ್ಕೆ ಎಕ್ಸ್‌ಪೋರ್ಟ್ ವಿಂಡೋದಲ್ಲೇ ಇದೆ. ವೆಬ್‌ಪಿ ಎಂಬ ಇನ್ನೊಂದು ಚಿತ್ರ ಮಾದರಿಯ ಲಾಸಿ (ವಿವರ ಕಳೆದು ಕುಗ್ಗಿಸುವ) ಬಗೆ ಯಾವಾಗಲೂ 4:2:0, ಅಲ್ಲಿ ಆಯ್ಕೆಯಿಲ್ಲ.

ಈಗ ಕ್ವಾಲಿಟಿ. 80 ಅಂದರೆ ಶೇಕಡಾ 80 ಉಳಿಯಿತು ಅಂತಲ್ಲ. ಪ್ರತಿ 8×8 ಪಿಕ್ಸೆಲ್‌ನ ಚೌಕ 64 ತರಂಗಾಂಶಗಳಾಗುತ್ತದೆ, ಅಂದರೆ ನಿಧಾನ ಮತ್ತು ವೇಗದ ಏರಿಳಿತಗಳನ್ನು ಹೇಳುವ 64 ಸಂಖ್ಯೆಗಳು. ಪ್ರತಿಯೊಂದನ್ನೂ ಕ್ವಾಲಿಟಿಗೆ ತಕ್ಕಂತೆ ಬದಲಾಗುವ ಕೋಷ್ಟಕದ ಒಂದು ಸಂಖ್ಯೆಯಿಂದ ಭಾಗಿಸಿ ಪೂರ್ಣಾಂಕಕ್ಕೆ ತರಲಾಗುತ್ತದೆ. ಜೆಪೆಗ್ ಬರೆಯಲು ಹಲವು ತಂತ್ರಾಂಶಗಳು ಬಳಸುವ ಲಿಬ್‌ಜೆಪೆಗ್‌ನಲ್ಲಿ ಹೊಳಪಿನ ಕೋಷ್ಟಕದ ಕೊನೆಯ ಭಾಜಕ ಕ್ವಾಲಿಟಿ 50ಕ್ಕೆ 99, 75ಕ್ಕೆ 50, 90ಕ್ಕೆ 20. ಆ ಜಾಗದ ತರಂಗಾಂಶದ ಬೆಲೆ 20 ಇದ್ದರೆ 75ರಲ್ಲಿ 0.4 ಬಂದು ಸೊನ್ನೆಯಾಗುತ್ತದೆ, 90ರಲ್ಲಿ 1 ಆಗಿ ಉಳಿಯುತ್ತದೆ. ನಷ್ಟವೆಲ್ಲ ಹೆಚ್ಚುಕಡಿಮೆ ಈ ಭಾಗಾಕಾರದಲ್ಲೇ. ಕೋಷ್ಟಕ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಥರ ಇರಬಹುದು, ಹಾಗಾಗಿ ಒಂದರ 80ನ್ನು ಇನ್ನೊಂದರ 80ಕ್ಕೆ ಹೋಲಿಸಿ ಪ್ರಯೋಜನವಿಲ್ಲ.

ಫೋಟೊಗೆ 82ರ ಆಸುಪಾಸಿನಿಂದ ಶುರು ಮಾಡಿ, 100% ಝೂಮ್‌ನಲ್ಲಿ ಆಕಾಶ ಮತ್ತು ಕೂದಲು ನೋಡಿ. ಆಕಾಶದಲ್ಲಿ ಚೌಕಗಳು ಕಂಡರೆ ಐದೈದರಂತೆ ಏರಿಸಿ. 95 ದಾಟಿದ ಮೇಲೆ ಫೈಲ್ ಉಬ್ಬುತ್ತದೆಯೇ ಹೊರತು ಕಣ್ಣಿಗೆ ಏನೂ ಸಿಗುವುದಿಲ್ಲ. ಅಕ್ಷರಗಳ ಸುತ್ತ ಧೂಳಿನಂಥ ಕಲೆ ಎದ್ದರೆ ಅದು ಜೆಪೆಗ್‌ಗೆ ಹೇಳಿ ಮಾಡಿಸಿದ ಚಿತ್ರವೇ ಅಲ್ಲ. ಸ್ಕ್ರೀನ್‌ಶಾಟ್‌ಗೆ ಪಿಎನ್‌ಜಿಯೇ ಸರಿ.

ಕುಗ್ಗಿಸಿದ ಪ್ರತಿಯನ್ನೇ ಮತ್ತೆ ಕತ್ತರಿಸಿ ಸೇವ್ ಮಾಡಿದರೆ ಚೌಕಗಳ ಗೆರೆ ಜರುಗಿ ಹೊಸದಾಗಿ ನಷ್ಟವಾಗುತ್ತದೆ. ತಿದ್ದುಪಡಿ ಏನಿದ್ದರೂ ಮೂಲ ಫೈಲಿನಲ್ಲೇ ಮಾಡಿ. ಬರೀ ತಿರುಗಿಸುವುದಾದರೆ ಜೆಪೆಗ್‌ಟ್ರಾನ್ ಎಂಬ ಸಲಕರಣೆ ನಷ್ಟವಿಲ್ಲದೆ ತಿರುಗಿಸಿಕೊಡುತ್ತದೆ, ಆದರೆ 4:2:0 ಚಿತ್ರದ ಅಗಲ, ಎತ್ತರ 16ರಿಂದ ಭಾಗವಾಗುವಂತಿರಬೇಕು. ಇಲ್ಲದಿದ್ದರೆ ಅಂಚಿನ ಪಟ್ಟಿಯೊಂದು ತನ್ನ ಜಾಗ ತಪ್ಪುತ್ತದೆ.