ಬಿಸಿಲ ಸೀಮಿಯಾಗ ಸಾವಿರ ಕಾಲಿನ ಹುಳ ಸಾಕೋರಿಗೆ

ಮೃಗದ ಮಳಿ ಬಿದ್ದ ಮರುದಿನ ಹಿತ್ತಲ ಕಲ್ಲಿನ ಸಂದ್ಯಾಗ ಸಹಸ್ರಪದಿ ಏಳ್ತಾವು. ಹುಡುಗ್ರು ರೈಲು ಹುಳ ಅಂತ ಹಿಡಿದು ಡಬ್ಬಿಯಾಗ ಹಾಕ್ತಾರ, ನಾಕು ದಿನಕ್ಕ ಸತ್ತು ಬಿದ್ದಿರ್ತಾವು. ಹಸಿದು ಅಲ್ರಿ, ಒಣಗಿ. ಈ ಹುಳಕ್ಕ ಉಸಿರಾಡೂ ತೂತು ಗಟ್ಟಿಯಾಗಿ ಮುಚ್ಚಾಕ ಬರೂದಿಲ್ಲ, ಒಣ ಹವಾದಾಗ ಮೈಯಾಗಿನ ನೀರೆಲ್ಲ ಅಲ್ಲಿಂದ ಆರಿ ಹೋಗತೈತಿ. ವಿಜಯಪುರ, ಬಾಗಲಕೋಟಿ ಬ್ಯಾಸಿಗಿಯಾಗ ಇದನ್ನ ಉಳಿಸಬೇಕಂದ್ರ ಮೊದಲು ಮಣ್ಣು ಹದ ಮಾಡೂದು ಕಲೀಬೇಕು.

ಹಿಡಿಯೂ ಮುಂಚೆ ಜರಿ ಅಲ್ಲ ಅಂತ ಖಾತ್ರಿ ಮಾಡ್ಕೋರಿ. ಜರಿ ಚಪ್ಪಟಿ, ಸರ್ರಂತ ಓಡತೈತಿ, ಕಚ್ಚತೈತಿ, ಒಂದು ಉಂಗುರಕ್ಕ ಒಂದೇ ಜೋಡಿ ಕಾಲು. ಇದು ದುಂಡಗ, ನಿಧಾನ, ಕುತ್ತಿಗಿ ಹತ್ತಿರದ ಮೂರ್ನಾಕು ಉಂಗುರ ಬಿಟ್ರ ಉಳಿದದ್ದಕ್ಕ ಎರಡೆರಡು ಜೋಡಿ. ನಡಿಯೂವಾಗ ಕಾಲು ನೋಡ್ರಿ, ಜ್ವಾಳದ ಹೊಲದಾಗ ಗಾಳಿ ಸುಳಿದಂಗ ಬಾಲದಿಂದ ತಲಿ ಕಡೆ ಅಲಿ ಅಲಿಯಾಗಿ ಹೋಗತಾವು. ಹೆಸರಿಗಷ್ಟ ಸಾವಿರ ಕಾಲು. ಖರೇನ ಸಾವಿರ ದಾಟಿದ್ದು ಆಸ್ಟ್ರೇಲಿಯಾದ ನೆಲದಾಳದಾಗ ಸಿಕ್ಕ ಒಂದು ಜಾತಿ, 1,306 ಕಾಲು.

ಈಗ ಮಣ್ಣು. ನಮ್ಮ ಎರಿ ಮಣ್ಣು ಬ್ಯಾಡೇ ಬ್ಯಾಡ. ಹಸಿಯಾದ್ರ ಅಂಟಾಗಿ ಉಬ್ಬತೈತಿ, ಒಣಗಿದ್ರ ಬಿರಿತೈತಿ, ಒಳಗ ಹುಳ ಮಾಡ್ಕೊಂಡ ಗೂಡು ಕುಸೀತೈತಿ. ಕೊಳೆತ ಎಲಿಪುಡಿ ಎರಡು ಬುಟ್ಟಿ, ಕೈಯಾಗ ಹಿಡಿದ್ರ ಪುಡಿಯಾಗೂವಷ್ಟು ಕೊಳೆತ ಕಟಗಿ ಒಂದು ಬುಟ್ಟಿ, ತೆಂಗಿನ ನಾರಿನ ಪುಡಿ ಒಂದು ಬುಟ್ಟಿ ಕೂಡಸ್ರಿ. ಆಲ, ಅತ್ತಿ, ಮಾವಿನ ಹಳೇ ಎಲಿ ನಡೀತಾವು. ಬೇವು, ನೀಲಗಿರಿ ಎಲಿ ಹಾಕಬ್ಯಾಡ್ರಿ. ಕಾಳಿಗೆ ಹುಳ ಹತ್ತಬಾರದಂತ ಬೇವು ಹಾಕೂವ್ರು ನಾವ, ಇಲ್ಲಿ ಹುಳಾನ ಬದುಕಬೇಕಲ್ರಿ. ದ್ರಾಕ್ಷಿ, ದಾಳಿಂಬ್ರಿ ತ್ವಾಟದ ಎಲಿನೂ, ಔಷಧ ಹೊಡದ ಕಬ್ಬಿನ ರವದಿನೂ ಮುಟ್ಟಬ್ಯಾಡ್ರಿ. ತಂದ ಎಲಿಯನ್ನ ಕುದಿಯೂ ನೀರಾಗ ನೆನಸಿ ಆರಿಸಿದ್ರ ಇರುವಿ, ನುಸಿ ಹೋಗತಾವು.

ಹದ ನೋಡೂದು ಹಿಂಗ: ಮುಟಗಿಯಾಗ ಹಿಡಿದು ಹಿಚಕಿದ್ರ ಶೇಂಗಾ ಉಂಡಿಯಂಗ ನಿಲ್ಲಬೇಕು, ಬಟ್ಟ ಸಂದಿಲಿಂದ ನೀರು ಹನಿಬಾರದು. ಹನಿದ್ರ ಇನ್ನಷ್ಟು ನಾರಿನ ಪುಡಿ ಹಾಕ್ರಿ. ಮಣ್ಣಿನ ಆಳ ಹುಳದ ಉದ್ದಕ್ಕಿಂತ ಕಡಿಮಿ ಇರಬಾರದು. ನಾಕಿಂಚಿನ ಮೂರ್ನಾಕು ಹುಳಕ್ಕ ಒಂದೂವರಿ ಫೂಟಿನ ಡಬ್ಬಿ, ಆರಿಂಚು ಮಣ್ಣು ಸಾಕು. ಇದಕ್ಕ ಎರಡು ಹಿಡಿ ತತ್ತಿ ಸಿಪ್ಪಿ ಪುಡಿ. ತತ್ತಿ ತರದ ಮನಿಯವ್ರು ಭಟ್ಟಿಯಾಗ ಸುಡದ ಸುಣ್ಣದ ಕಲ್ಲು ಕುಟ್ಟಿ ಹಾಕ್ರಿ, ಬಾಗಲಕೋಟಿ ಸೀಮ್ಯಾಗ ಅದಕ್ಕೇನು ಬರಾ? ಎಲಿ ಅಡಕಿಗೆ ಹಚ್ಚೂ ಸುಣ್ಣ ಮಾತ್ರ ಹಾಕಬ್ಯಾಡ್ರಿ, ಸುಡತೈತಿ.

ಮುಚ್ಚಳಕ್ಕ ಪೂರಾ ಜಾಳಗಿ ಹಚ್ಚಿದ್ರ ನಮ್ಮ ಹವಾಕ್ಕ ಮಣ್ಣು ಬೆಳಗಾಗೂದ್ರಾಗ ಬೂದಿ ಆಗತೈತಿ. ಕಾಸಿದ ಸೂಜಿಲೆ ಪಕ್ಕಕ್ಕ ಇಪ್ಪತ್ತು-ಮೂವತ್ತು ತೂತು ಮಾಡ್ರಿ. ಬಿಸಿಲು 40 ಡಿಗ್ರಿ ದಾಟಿದಾಗ ನೀರಿನ ಹರವಿಗೆ ಮಾಡಿದಂಗ ಡಬ್ಬಿನ ಹಸಿ ಉಸುಕಿನ ಪರಾತದಾಗ ಇಟ್ಟು ಸುತ್ತ ಹಸಿ ಗೋಣಿತಟ್ಟು ಹೊಚ್ಚರಿ, ತೂತು ಬಿಟ್ಟು. ಒಳಗ 24ರಿಂದ 28 ಡಿಗ್ರಿ ಇರಲಿ. ಕೂಲರ್ ಗಾಳಿಗೆ ಎದುರು ಇಡಬ್ಯಾಡ್ರಿ. ಪರಾತದಾಗ ನೀರು ನಿಂತಿದ್ರ ಇರುವಿನೂ ಹತ್ತೂದಿಲ್ಲ. ಇರುವಿ ಚಾಕ್, ಸೊಳ್ಳಿ ಬತ್ತಿ ಆ ಕೋಣ್ಯಾಗ ಬ್ಯಾಡ.

ಹುಳದ ಊಟ ಅಂದ್ರ ಆ ಎಲಿ, ಕಟಗಿನ. ವಾರಕ್ಕೆರಡು ಸಲ ಸವತಿಕಾಯಿ, ಗಜ್ಜರಿ, ಕುಂಬಳದ ಒಂದು ಬಿಲ್ಲಿ ತೊಳೆದು ಇಟ್ಟು ಮರುದಿನ ತಗೀರಿ. ಬಿಟ್ರ ಬೂಜು ಹಿಡಿದು ಬಿಳಿ ನುಸಿ ಏಳತಾವು. ಎದ್ದ್ರ ರಾತ್ರಿ ಒಂದು ಸವತಿ ಬಿಲ್ಲಿ ಇಟ್ಟು, ನಸಕಿನ್ಯಾಗ ನುಸಿ ಸಮೇತ ಎತ್ತಿ ಒಗೀರಿ. ಉಪ್ಪು-ಖಾರದ ಪಲ್ಯ ಹಾಕೂದಂತೂ ಬ್ಯಾಡ.

ಹದಿನೈದು ದಿನ, ತಿಂಗಳು ಹುಳ ಕಾಣಲಿಲ್ಲ ಅಂತ ಅಗೀಬ್ಯಾಡ್ರಿ. ಪೊರಿ ಬಿಡಾಕ ಮಣ್ಣೊಳಗ ಗೂಡು ಕಟ್ಟಿರತೈತಿ. ಆಗ ಮೈ ಹಸಿ ಶ್ಯಾವಗಿಯಂಗ ಬೆಳ್ಳಗ, ಮೆತ್ತಗ. ಬಟ್ಟು ತಾಗಿದ್ರೂ ಸೀಳತೈತಿ. ಬಿಟ್ಟ ಪೊರಿನ ತಾನ ತಿಂದು ಸುಣ್ಣದಂಶ ಮರಳಿ ತಗೊಂತೈತಿ, ಅದನ್ನ ಕಸ ಅಂತ ತಗೀಬ್ಯಾಡ್ರಿ.

ಹೆದರಿದ್ರ ಚಕ್ಕಲಿಯಂಗ ಸುತ್ತಿಕೊಂಡು ಕಟು ವಾಸನಿ ರಸ ಬಿಡತೈತಿ. ಕೈಗೆ ಕಂದು ಕಲಿ ಆಗತೈತಿ, ಕಣ್ಣಿಗೆ ಬಿದ್ರ ಭಾಳ ಉರೀತೈತಿ. ಮುಟ್ಟಿದ ಮ್ಯಾಲ ಸಾಬಾಣ ಹಚ್ಚಿ ತೊಳೀರಿ, ಕಣ್ಣಿಗೆ ಹೋದ್ರ ನೀರಾಗ ಹತ್ತು-ಹದಿನೈದು ನಿಮಿಷ ತೊಳೆದು ಡಾಕ್ಟರ ಕಡೆ ಹೋಗ್ರಿ.

ಖಾನಾಪುರ ಕಡೆ ಹೋದಾಗ ಭೀಮಗಡ ಅಭಯಾರಣ್ಯದಾಗ ಒಂದು ಹುಳಾನೂ ಎತ್ತಬ್ಯಾಡ್ರಿ, 1972ರ ವನ್ಯಜೀವಿ ಕಾಯ್ದಿಗೆ ಬೀಳತೀರಿ. ಹಿತ್ತಲದವ ಸಾಕು. ತಲಿ ಕಡಿಂದ ಏಳನೇ ಉಂಗುರದ ಕೆಳಗ ಕಾಲಿಲ್ಲದ ಸಂದು ಕಂಡ್ರ ಅದು ಗಂಡು. ಜೋಡಿ ಕೂಡಿದ್ರ ಮರಿ ಆಗತಾವು, ಹುಟ್ಟಿದಾಗ ಮೂರೇ ಜೋಡಿ ಕಾಲು, ಎಳ್ಳಿನಷ್ಟು ಗಾತ್ರ. ಹಂಗಾಗಿ ಆರು ತಿಂಗಳಿಗೊಮ್ಮೆ ಮಣ್ಣು ಬದಲು ಮಾಡೂವಾಗ ಅರ್ಧ ಅಷ್ಟ ಬದಲು ಮಾಡ್ರಿ, ತಗದ ಮಣ್ಣನ್ನ ಇನ್ನೊಂದು ಡಬ್ಬಿಯಾಗ ಎರಡು ತಿಂಗಳು ಹಸಿಯಾಗಿ ಇಟ್ಟು ನೋಡಿ ಆಮ್ಯಾಲ ತುಳಸಿ ಕಟ್ಟಿಗೆ ಹಾಕ್ರಿ.